ಮುಸುರೆ ಯಾರದು? ಯುವಕ ಸಂಘವೊಂದರ ಹಂಚಿಕೆಯ ಅಡುಗೆಮನೆ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಹಳೇ ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರದ್ದು. ಊರು, ಬಡಾವಣೆ, ಸಂಘ, ವ್ಯಕ್ತಿಗಳು ಯಾರೆಂದು ಗೊತ್ತಾಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ಆದರೆ ಘಟನೆಗಳು ನಡೆದ ಕ್ರಮವನ್ನಾಗಲಿ, ಸಂಘದವರು ಕೈಗೊಂಡ ತೀರ್ಮಾನಗಳನ್ನಾಗಲಿ ತಿದ್ದಿಲ್ಲ. ಸಂಘದ ಲೆಕ್ಕಪತ್ರಗಳನ್ನು ವರ್ಷಕ್ಕೊಮ್ಮೆ ಕೂತು ನೋಡಿಕೊಡುವುದು ನನ್ನ ಪಾಲಿನ ಕೆಲಸವಾಗಿದ್ದರಿಂದ ರಸೀದಿ ಪುಸ್ತಕ, ನಡಾವಳಿ ಪುಸ್ತಕ, ಬಾಡಿಗೆಯ ರಿಜಿಸ್ಟರ್ ಎಲ್ಲವೂ ನನ್ನ ಕೈಗೆ ಬರುತ್ತಿದ್ದವು. ಅಡುಗೆಮನೆ ಕೆಟ್ಟದ್ದು ಎಲ್ಲಿ ಎಂಬುದು ಸಭೆಗಳ ಮಾತಿಗಿಂತ ಮೊದಲು ಆ ಪುಸ್ತಕಗಳಲ್ಲಿ ಕಂಡಿತು ಎಂಬ ಕಾರಣಕ್ಕೇ ಇದನ್ನು ಬರೆಯಲು ಒಪ್ಪಿದೆ.

ಹಿನ್ನೆಲೆ

ಬಡಾವಣೆಯಲ್ಲಿ ಸುಮಾರು 400 ಮನೆಗಳಿವೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಆಟೋ ಓಡಿಸುವವರು, ಪೇಂಟಿಂಗ್ ಮತ್ತು ಗಾರೆ ಕೆಲಸದವರು, ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು, ಮುಂದಿನ ಎರಡು ಬೀದಿಗಳಲ್ಲಿ ಒಂದಷ್ಟು ಸರ್ಕಾರಿ ನೌಕರರು ಅಲ್ಲಿದ್ದಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಯುವಕ ಸಂಘದಲ್ಲಿ ಆಗ 62 ಸದಸ್ಯರಿದ್ದರು, ಎಲ್ಲರೂ ಗಂಡಸರು. ಗಣೇಶೋತ್ಸವ, ರಾಜ್ಯೋತ್ಸವ, ಕಬಡ್ಡಿ ಪಂದ್ಯಾವಳಿ, ವರ್ಷಕ್ಕೊಂದು ರಕ್ತದಾನ ಶಿಬಿರ, ಸಂಜೆ ಹೊತ್ತು ಶಾಲಾ ಮಕ್ಕಳಿಗೆ ಪಾಠ ಹೇಳಿಕೊಡುವುದು, ಇವಿಷ್ಟು ಸಂಘದ ಕೆಲಸಗಳು.

ಅಡುಗೆಮನೆ ಯಾರೂ ಯೋಜಿಸಿ ಕಟ್ಟಿದ್ದಲ್ಲ. 2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ ಬಡಾವಣೆಯ ಪಕ್ಕದಲ್ಲೇ ಕಟ್ಟಡ ಕೆಲಸಕ್ಕೆ ಬಂದಿದ್ದ ಹೊರಜಿಲ್ಲೆಗಳ ಕೂಲಿ ಕುಟುಂಬಗಳು ಸಿಕ್ಕಿಬಿದ್ದವು. ಸಂಘದ ಹುಡುಗರು ಶಾಮಿಯಾನ ಅಂಗಡಿಯಿಂದ ಪಾತ್ರೆಗಳನ್ನು ಹೊತ್ತು ತಂದು, ಸಂಘದ ಕಟ್ಟಡದ ಹಿಂದೆ ಮೂರು ಕಲ್ಲು ಹೂಡಿ, ಟೊಮ್ಯಾಟೊ ಬಾತು, ಚಿತ್ರಾನ್ನ ಮಾಡಿ ಪೊಟ್ಟಣ ಕಟ್ಟಿ ಹಂಚಿದರು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ಮತ್ತೆ ನಿರ್ಬಂಧಗಳು ಬಂದಾಗಲೂ ಅದೇ ಕೈಗಳು ಅದೇ ಕೆಲಸ ಮಾಡಿದವು. ಎರಡನೆಯ ಸಲ ದಾನಿಗಳು ಅಕ್ಕಿಬೇಳೆಯ ಜೊತೆಗೆ ವಸ್ತುಗಳನ್ನೂ ಕೊಟ್ಟರು: ದೊಡ್ಡ ಬರ್ನರಿನ ಎರಡು ಗ್ಯಾಸ್ ಒಲೆ, ಆರು ಅಲ್ಯೂಮಿನಿಯಂ ಡಬರಿ, ಒಂದು ಹಿತ್ತಾಳೆಯ ಕೊಪ್ಪರಿಗೆ, ಸೌಟು, ಜಾಲರಿ, ನೂರು ಸ್ಟೀಲ್ ತಟ್ಟೆ. ಕಟ್ಟಡದ ಹಿಂಬದಿಯ ಜಾಗಕ್ಕೆ ಸಿಮೆಂಟ್ ಶೀಟು ಹೊದಿಸಿ, ಕಡಪ ಕಲ್ಲಿನ ಕಟ್ಟೆ ಕೂರಿಸಿ, ಹೊರಗೆ ನಲ್ಲಿಯ ಬುಡದಲ್ಲಿ ಪಾತ್ರೆ ತೊಳೆಯಲು ಒಂದು ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿದರು. ಆ ತೊಳೆಯುವ ಕಟ್ಟೆಯೇ ಮುಂದೆ ಈ ಪ್ರಕರಣದ ಕೇಂದ್ರವಾಗುತ್ತದೆ ಎಂದು ಯಾರಿಗೂ ಅನಿಸಿರಲಿಲ್ಲ. ಮಳೆಗಾಲದಲ್ಲಿ ನೆನೆಯದಂತೆ ಅದಕ್ಕೊಂದು ಶೀಟು ಹಾಕಿಸುವ ಯೋಚನೆಯೂ ಬಂದಿರಲಿಲ್ಲ.

2021ರ ದಸರಾ ಮುಗಿದ ಮೇಲೆ ಸಂಘ ಅಡುಗೆಮನೆಯನ್ನು ಬಡಾವಣೆಯ ಇತರರಿಗೂ ತೆರೆಯಿತು. ಬಳಕೆದಾರರು ನಾಲ್ಕು ಬಗೆಯಾದರು. ಮೊದಲನೆಯದು ಸಂಘವೇ: ಸಂಜೆ ಪಾಠಕ್ಕೆ ಬರುವ ಎಪ್ಪತ್ತರಷ್ಟು ಮಕ್ಕಳಿಗೆ ಭಾನುವಾರ ಮಧ್ಯಾಹ್ನದ ಊಟ. ಎರಡನೆಯದು 14 ಹೆಂಗಸರ ಒಂದು ಸ್ವಸಹಾಯ ಗುಂಪು; ಅವರು ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಿದ್ದರು, ಹಬ್ಬದ ಹೊತ್ತಿಗೆ ಒಬ್ಬಟ್ಟಿನ ಆರ್ಡರ್ ಹಿಡಿಯುತ್ತಿದ್ದರು. ಮೂರನೆಯದು ನಾಮಕರಣ, ತಿಥಿ, ಹುಟ್ಟುಹಬ್ಬಕ್ಕೆ ದಿನಕ್ಕೆ 500 ರೂಪಾಯಿ ಕೊಟ್ಟು ಅಡುಗೆಮನೆ ಮತ್ತು ಪಾತ್ರೆಗಳನ್ನು ಪಡೆಯುವ ಕುಟುಂಬಗಳು. ನಾಲ್ಕನೆಯವನು ಒಬ್ಬನೇ: ಕೇಟರಿಂಗ್ ಕೆಲಸ ಕಳೆದುಕೊಂಡು ಸಂಜೆ ಎಗ್‌ರೈಸ್ ಗಾಡಿ ಹಾಕಿಕೊಂಡಿದ್ದ ಸಂಘದ ಸದಸ್ಯ, ಮಧ್ಯಾಹ್ನ ಬಂದು ಅನ್ನ ಮಾಡಿಕೊಂಡು, ಈರುಳ್ಳಿ ಹೆಚ್ಚಿಕೊಂಡು ಹೋಗುತ್ತಿದ್ದ.

ಸಮಸ್ಯೆ

ಹೊರಗೆ ಕಂಡ ಸಮಸ್ಯೆ ಗ್ಯಾಸಿನದು. ನವೆಂಬರಿನ ಒಂದು ಭಾನುವಾರ ಅನ್ನಕ್ಕೆ ನೀರು ಕುದಿಯುವ ಹೊತ್ತಿಗೆ ಒಲೆ ಆರಿತು. ಬದಲಿ ಸಿಲಿಂಡರೂ ಖಾಲಿಯಿತ್ತು. ಯಾರು ಮುಗಿಸಿದರು ಎಂಬುದಕ್ಕೆ ಎಲ್ಲರ ಬೆರಳೂ ಎಗ್‌ರೈಸ್ ಗಾಡಿಯವನ ಕಡೆ ತಿರುಗಿತು. ದಿನಾ ಬರುವವನು ಅವನೊಬ್ಬನೇ, ದುಡ್ಡು ಮಾಡುತ್ತಿರುವವನೂ ಅವನೇ ಎಂಬುದು ಅವರ ತರ್ಕ. ಅಲ್ಲಿ ಉರಿಯುತ್ತಿದ್ದುದು ಸದಸ್ಯರ ಮನೆಗಳಿಂದ ಸರದಿಯಂತೆ ತಂದ 14.2 ಕೆಜಿಯ ಗೃಹಬಳಕೆಯ ಸಿಲಿಂಡರ್. ಮಾರಾಟದ ಅಡುಗೆಗೆ ಅದನ್ನು ಬಳಸುವುದು ನಿಯಮಕ್ಕೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಒಳಗಿನ ಸಮಸ್ಯೆ ಮುಸುರೆಯದು. ಅಡುಗೆಮನೆಯ ಬೀಗದ ಕೈಯನ್ನು ಎದುರಿನ ದಿನಸಿ ಅಂಗಡಿಯ ಮೊಳೆಗೆ ನೇತುಹಾಕುತ್ತಿದ್ದರು. ಬೇಕಾದವರು ತೆಗೆದುಕೊಂಡು ಹೋಗಿ, ಮುಗಿದ ಮೇಲೆ ಅಲ್ಲೇ ಸಿಕ್ಕಿಸುತ್ತಿದ್ದರು. ಹಾಗಾಗಿ ಒಬ್ಬರು ಹೊರಡುವಾಗ ಇನ್ನೊಬ್ಬರು ಎದುರಿಗಿರುತ್ತಿರಲಿಲ್ಲ. ಭಾನುವಾರ ಊಟ ಮುಗಿದರೆ ಹುಡುಗರು ಡಬರಿಗಳಿಗೆ ನೀರು ತುಂಬಿ “ನೆನೆಯಲಿ” ಎಂದು ಬಿಟ್ಟು ಕಬಡ್ಡಿ ಅಂಕಣಕ್ಕೆ ಹೋಗುತ್ತಿದ್ದರು. ಸೋಮವಾರ ಬೆಳಿಗ್ಗೆ ಬಂದ ಸ್ವಸಹಾಯ ಗುಂಪಿನ ಹೆಂಗಸರು ಕಾಣುತ್ತಿದ್ದುದು ತಳ ಹಿಡಿದ ಸಾರು, ಉಬ್ಬಿದ ಅಗುಳು, ನೊಣ. ತಿಥಿ ಮಾಡಿಸಿದ ಮನೆಯವರು ಪಾತ್ರೆ ತೊಳೆದಿದ್ದರೂ ಚರಂಡಿಯಲ್ಲಿ ಬಾಳೆಲೆ ಸಿಕ್ಕಿಸಿ ಹೋಗಿರುತ್ತಿದ್ದರು. ಡಿಸೆಂಬರಿನ ಸಭೆಗೆ ಆ ಗುಂಪಿನ ಹಿರಿಯ ಹೆಂಗಸು ಬಂದು, ಕೂರಿ ಎಂದರೂ ಕೂರದೆ, ಬಾಗಿಲಲ್ಲೇ ನಿಂತು ಹೇಳಿದ ಮಾತು ನಡಾವಳಿಯಲ್ಲಿ ಬರೆದಿಲ್ಲ, ನಾನು ಕೇಳಿಸಿಕೊಂಡದ್ದು: “ನೀವು ಉಂಡು ಕೈ ತೊಳ್ಕೊಂಡು ಹೋಯ್ತೀರಿ ಕಣಪ್ಪ. ನಾವು ಬಂದು ನಿಮ್ಮ ಮುಸುರೆ ತಿಕ್ಕಿದ ಮೇಲೆ ನಮ್ಮ ಒಲೆ ಹಚ್ಚಬೇಕು. ಇದಕ್ಕೆ ಬಾಡಿಗೆ ಬೇರೆ.”

ಮೂರನೆಯ ಸಮಸ್ಯೆ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭವಾದಾಗ ರಾಜ್ಯದ ತುಂಬ ನಡೆದ ವಾದವಿವಾದ ಈ ಹಿಂಬದಿಯ ಶೀಟಿನ ಕೆಳಗೂ ನಡೆಯಿತು. ಎಗ್‌ರೈಸ್‌ನವನ ಬಾಣಲಿ ತೊಳೆದ ನೀರು ತಮ್ಮ ಡಬರಿಗೆ ಸಿಡಿಯುತ್ತದೆ ಎಂದು ಮುಂದಿನ ಬೀದಿಯ ಎರಡು ಮನೆಯವರು ಆಕ್ಷೇಪಿಸಿದರು.

ಏನೇನು ಮಾಡಿ ನೋಡಿದರು

ಅಧ್ಯಕ್ಷರು ಮೊದಲು ಹಾಕಿಸಿದ್ದು ಒಂದು ಬೋರ್ಡು. ಯಾವ ದಿನ ಯಾರದು ಎಂಬ ವೇಳಾಪಟ್ಟಿ, ಕೆಳಗೆ ಕೆಂಪಕ್ಷರದಲ್ಲಿ “ಪಾತ್ರೆ ತೊಳೆಯದಿದ್ದರೆ 200 ರೂ. ದಂಡ”. ಮೂರು ತಿಂಗಳಲ್ಲಿ ವಸೂಲಾದ ದಂಡ ಒಟ್ಟು 200 ರೂಪಾಯಿ; ಅದನ್ನೂ ಕಟ್ಟಿದ್ದು ಖಜಾಂಚಿಯೇ, ತನ್ನ ತಮ್ಮನ ಪರವಾಗಿ, ಜಗಳ ಬೇಡವೆಂದು. ಒಟ್ಟಿಗೆ ಗಣಪತಿ ಹೊತ್ತವರು ಒಬ್ಬರಿಂದೊಬ್ಬರು ದಂಡ ಕೀಳಲಾರರು. ಅಧ್ಯಕ್ಷರು ಇಂದಿಗೂ ಬೋರ್ಡಿನಲ್ಲಿ ತಪ್ಪಿರಲಿಲ್ಲ, ಅದನ್ನು ಜಾರಿಗೆ ತರುವ ಗಟ್ಟಿತನ ಬೇಕಿತ್ತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಾವ ಹೊತ್ತಿನಲ್ಲಿ ಯಾರ ಕಣ್ಣೆದುರು ಪಾತ್ರೆ ಕೊಳಕಾಗಿತ್ತು ಎಂದು ಹೇಳಬಲ್ಲ ಸಾಕ್ಷಿಯೇ ಇಲ್ಲದ ಕಡೆ ಗಟ್ಟಿತನ ತೋರಿಸಲು ಹೋದರೆ ಉಳಿಯುವುದು ಗಂಟಲು ಮಾತ್ರ.

ಎರಡನೆಯದು, ತೊಳೆಯಲು ಆಳು ಇಟ್ಟದ್ದು. ಕೊನೆಯ ಬೀದಿಯ ಒಬ್ಬ ಹೆಂಗಸನ್ನು ದಿನಕ್ಕೆ 150 ರೂಪಾಯಿಗೆ ಗೊತ್ತುಮಾಡಿದರು. ಆಳು ಬಂದ ಮೇಲೆ ಎಲ್ಲರೂ ಎಲ್ಲವನ್ನೂ ಬಿಟ್ಟುಹೋಗತೊಡಗಿದರು. ಹಿಂದೆ ತಮ್ಮ ಸೌಟನ್ನಾದರೂ ತೊಳೆಯುತ್ತಿದ್ದವರು ಅದನ್ನೂ ಬಿಟ್ಟರು. ಏಳನೆಯ ವಾರದಲ್ಲಿ ಆ ಹೆಂಗಸು ಬರುವುದನ್ನು ನಿಲ್ಲಿಸಿದರು. ಕಾರಣ ಕೇಳಲು ಹೋದವರಿಗೆ ಸೊಂಟನೋವು ಎಂದಷ್ಟೇ ಹೇಳಿದರಂತೆ. ಅವರಿಗೆ ಎರಡು ವಾರದ ಕೂಲಿ ಬಾಕಿ ಇತ್ತು ಎಂಬುದು ನಾನು ಲೆಕ್ಕ ನೋಡುವಾಗ ತಿಳಿಯಿತು, ಆಮೇಲೆ ಕೊಟ್ಟರು.

ಮೂರನೆಯದು ಬಣ್ಣ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಯಶಸ್ವಿಯಾದಂತೆ ಕಂಡ ಪ್ರಯೋಗ. 2022ರ ಜನವರಿಯಲ್ಲಿ ಪೇಂಟಿಂಗ್ ಕೆಲಸದ ಸದಸ್ಯನೊಬ್ಬ ಎನಾಮೆಲ್ ಬಣ್ಣ ತಂದು ನಾಲ್ಕು ಡಬರಿಗಳ ಹೊರಮೈಗೆ ಹಸಿರು ಪಟ್ಟಿ, ಎರಡಕ್ಕೆ ಕೆಂಪು ಪಟ್ಟಿ ಬಳಿದ. ಹಸಿರು ಸಸ್ಯಾಹಾರಕ್ಕೆ, ಕೆಂಪು ಮೊಟ್ಟೆ ಮಾಂಸಕ್ಕೆ. ಆಕ್ಷೇಪ ಅಂದಿಗೇ ನಿಂತಿತು, ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿಸಲು ಬಾಡಿಗೆ ರಿಜಿಸ್ಟರನ್ನು ಸಾಲುಸಾಲಾಗಿ ನೋಡುತ್ತಿದ್ದಾಗ ನನಗೊಂದು ವಿಚಿತ್ರ ಕಂಡಿತು. ರಿಜಿಸ್ಟರಿನಲ್ಲಿ “ಕಾರ್ಯಕ್ರಮ”, “ಅಡುಗೆ”, “ಕೊಟ್ಟ ಪಾತ್ರೆ” ಎಂದು ಮೂರು ಅಂಕಣಗಳಿದ್ದವು. ಒಂದು ಕಡೆ ಹೀಗಿತ್ತು: ನಾಮಕರಣ, ಪಾಯಸ, ಚಿತ್ರಾನ್ನ, ಬಜ್ಜಿ, ಕೆಂಪು 2. ಪಾಯಸಕ್ಕೆ ಕೆಂಪು ಪಾತ್ರೆ ಏಕೆ? ಹಿಂದಕ್ಕೆ ತಿರುಗಿಸಿದೆ. ಹುಟ್ಟುಹಬ್ಬ, ಪಲಾವ್, ಕೇಸರಿಬಾತ್, ಕೆಂಪು 2. ಗೃಹಪ್ರವೇಶ, ಕೆಂಪು 2. ಮೂರು ತಿಂಗಳಲ್ಲಿ ಇಂಥ ಐದು ನಮೂದು. ಐದೂ ಕೊನೆಯ ಬೀದಿಯ ಮನೆಗಳವು. ಆ ಬೀದಿಯಲ್ಲಿರುವವರು ಪರಿಶಿಷ್ಟ ಜಾತಿಯ ಕುಟುಂಬಗಳು. ಅದೇ ಅವಧಿಯಲ್ಲಿ ಮುಂದಿನ ಬೀದಿಯವರು ಮಾಡಿದ ಮಟನ್ ಊಟವೊಂದಕ್ಕೆ ಎರಡು ಕೆಂಪು ಸಾಲದೆ ಒಂದು ಹಸಿರು ಡಬರಿಯೂ ಹೋಗಿತ್ತು, ಅದರ ಬಗ್ಗೆ ಯಾರೂ ಗೊಣಗಿರಲಿಲ್ಲ.

ಪಾತ್ರೆ ಕೊಡುತ್ತಿದ್ದವನು ಕೆಟ್ಟ ಹುಡುಗನಲ್ಲ. ಕೇಳಿದಾಗ ಅವನಿಗೇ ಗಾಬರಿಯಾಯಿತು. “ಹಸಿರು ಕೊಟ್ರೆ ಆಮೇಲೆ ಬೇರೆಯವ್ರು ತಗೊಳಲ್ಲ ಅಂತಾರೆ ಸಾರ್, ಅದಕ್ಕೆ” ಎಂದ. ಯಾರು ಹಾಗೆಂದರು ಎಂದರೆ ಹೆಸರು ಹೇಳಲಾರ. ಯಾರೂ ನೇರವಾಗಿ ಅಂದಿರಲೂ ಇಲ್ಲ. ಅಡುಗೆಯನ್ನು ಬೇರ್ಪಡಿಸಲು ಬಳಿದ ಬಣ್ಣ ಹತ್ತು ಹನ್ನೆರಡು ವಾರಗಳಲ್ಲಿ ತಾನಾಗಿಯೇ ಜನರನ್ನು ಬೇರ್ಪಡಿಸುವ ಕೆಲಸಕ್ಕೆ ಇಳಿದಿತ್ತು. ನಾನು ಇದನ್ನು ಖಜಾಂಚಿಗೆ ತೋರಿಸಿದೆ. ಅವರು ಮುಂದಿನ ಸಭೆಗೆ ಇಡೋಣ ಎಂದರು. ಆ ಸಭೆ ನಡೆಯುವ ಮೊದಲೇ ಬೇರೊಂದು ನಡೆದುಹೋಯಿತು.

ಏಪ್ರಿಲಿನ ಭಾನುವಾರ

2022ರ ಯುಗಾದಿ ಏಪ್ರಿಲ್ 2ಕ್ಕೆ ಬಂದಿತ್ತು. ಅದರ ನಂತರದ ವಾರ ಸ್ವಸಹಾಯ ಗುಂಪಿಗೆ ಭಾನುವಾರ ಬೆಳಿಗ್ಗೆಯೇ ಒಪ್ಪಿಸಬೇಕಾದ ಒಬ್ಬಟ್ಟಿನ ದೊಡ್ಡ ಆರ್ಡರ್ ಇತ್ತು. ಬೆಳಿಗ್ಗೆ ಒಲೆ ಸಿಗುವುದಿಲ್ಲವೆಂದು ಹುಡುಗರು ಶನಿವಾರ ರಾತ್ರಿಯೇ ಎಂಟು ಕೆಜಿ ಅಕ್ಕಿಯ ಅನ್ನ ಮಾಡಿ, ಬಸಿದು, ಒಂದೇ ಡಬರಿಗೆ ತುಂಬಿ, ಮೇಲೆ ತಟ್ಟೆ ಮುಚ್ಚಿ ಇಟ್ಟರು. ಬೇಸಗೆಯ ರಾತ್ರಿ, ಶೀಟಿನ ಮಾಡು. ಭಾನುವಾರ ಹನ್ನೊಂದಕ್ಕೆ ಅದಕ್ಕೆ ಒಗ್ಗರಣೆ ಹಾಕಿ, ಹುಣಸೆಗೊಜ್ಜು ಬೆರೆಸಿ, ಬಿಸಿಮಾಡಿ ಹುಳಿಯನ್ನವೆಂದು ಬಡಿಸಿದರು. ಸಂಜೆ ನಾಲ್ಕು ಗಂಟೆಯೊಳಗೆ 11 ಮಕ್ಕಳು ವಾಂತಿ ಮಾಡಿಕೊಂಡರು. ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಕೊಟ್ಟು ಹತ್ತು ಮಕ್ಕಳನ್ನು ಸಂಜೆಗೇ ಕಳಿಸಿದರು. ಒಂದು ಮಗುವಿಗೆ ರಾತ್ರಿಯೆಲ್ಲ ಡ್ರಿಪ್ ಹಾಕಬೇಕಾಯಿತು. ಮರುದಿನಕ್ಕೆ ಎಲ್ಲರೂ ಚೇತರಿಸಿಕೊಂಡರು.

ಅನ್ನವನ್ನು ಪ್ರಯೋಗಾಲಯಕ್ಕೆ ಕಳಿಸಲಿಲ್ಲ, ಹಾಗಾಗಿ ಕಾರಣ ಸಾಬೀತಾಗಿದೆ ಎನ್ನಲಾಗದು. ಆದರೆ ಅಲ್ಲಿನ ವೈದ್ಯರು ವಿವರಿಸಿದ್ದು ಎಲ್ಲದಕ್ಕೂ ಹೊಂದುತ್ತಿತ್ತು. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುವುದು ಸಾಮಾನ್ಯ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ರಾಶಿಯಾಗಿ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ, ತಿಂದ ಒಂದರಿಂದ ಐದಾರು ಗಂಟೆಯೊಳಗೆ ವಾಂತಿ ತರಿಸುತ್ತದೆ. ಮನೆಯಲ್ಲಿ ರಾತ್ರಿ ಮಿಕ್ಕ ಎರಡು ಸೌಟು ಅನ್ನ ಬೇಗ ಆರುತ್ತದೆ, ಅದರಿಂದ ಬೆಳಿಗ್ಗೆ ಚಿತ್ರಾನ್ನ ಕಲಸುತ್ತೇವೆ. ಎಂಟು ಕೆಜಿ ಅಕ್ಕಿಯ ಅನ್ನದ ನಡುಭಾಗ ಬೆಳಗಿನ ಜಾವದವರೆಗೂ ಉಗುರುಬೆಚ್ಚಗೇ ಇರುತ್ತದೆ. ಮನೆಯ ರೂಢಿಯನ್ನು ಡಬರಿಯ ಪ್ರಮಾಣಕ್ಕೆ ಹಿಗ್ಗಿಸಿದ್ದೇ ತಪ್ಪಾಯಿತು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುವು ಇರುವುದು ವಾಂತಿಯಲ್ಲಲ್ಲ, ಅದಕ್ಕೂ ಐದು ಗಂಟೆ ಮೊದಲು ಡಬರಿಯ ಮುಚ್ಚಳ ತೆಗೆದ ಕ್ಷಣದಲ್ಲಿ. ತೆಗೆದವನು 19 ವರ್ಷದ ಹುಡುಗ, ಡಿಪ್ಲೊಮಾ ವಿದ್ಯಾರ್ಥಿ. ಸೌಟು ಹಾಕಿದಾಗ ನಡುವಿನ ಅನ್ನ ಲೋಳೆಲೋಳೆಯಾಗಿ ಎಳೆ ಬಂತು. ಒಗ್ಗರಣೆ ಹಾಕುತ್ತಿದ್ದ ಹಿರಿಯರ ಕಡೆ ನೋಡಿದ, ಸುಮ್ಮನಾದ. ವಾರದ ಮೇಲೆ ಅವನು ನನಗೆ ಹೇಳಿದ್ದು: “ನಂಗೆ ಡೌಟ್ ಬಂತು ಸಾರ್. ಆದ್ರೆ ಎಂಟು ಕೆಜಿ ಅಕ್ಕಿ ಚೆಲ್ಲಿ ಅಂತ ಹೇಳೋಕೆ ನಾನ್ಯಾರು? ಅಣ್ಣ ರಾತ್ರಿ ಒಂದು ಗಂಟೆವರ್ಗೂ ಕೂತು ಬಸಿದಿದ್ದ.” ಬೋರ್ಡಿನಲ್ಲಿ ದಂಡವಿತ್ತು, ವೇಳಾಪಟ್ಟಿಯಿತ್ತು, ಬಣ್ಣವಿತ್ತು, ಚೆಲ್ಲುವ ಅಧಿಕಾರ ಯಾರದೆಂದು ಎಲ್ಲೂ ಇರಲಿಲ್ಲ.

ಮುಚ್ಚಿದ ಏಳು ವಾರ

ಅಡುಗೆಮನೆಗೆ ಏಳು ವಾರ ಬೀಗ ಬಿತ್ತು. ಶಾಶ್ವತವಾಗಿ ಮುಚ್ಚಿ ಪಾತ್ರೆಗಳನ್ನು ದೇವಸ್ಥಾನಕ್ಕೆ ಕೊಟ್ಟುಬಿಡೋಣ ಎಂಬ ಪ್ರಸ್ತಾಪ ಬಂತು. “ವರ್ಷಾ ಗಣಪತಿಗೆ ಸಾವಿರ ಜನಕ್ಕೆ ಬಡಿಸಿದ್ದೀವಿ, ಒಂದು ದಿನವೂ ಹೀಗಾಗಿಲ್ಲ” ಎಂದು ಅಧ್ಯಕ್ಷರು ನೊಂದು ಹೇಳಿದರು. ಅದು ನಿಜ. ಆದರೆ ಗಣಪತಿಯ ದಿನ ಅಡುಗೆಯವರು ಬೇರೆ ಬರುತ್ತಾರೆ, ಪಾತ್ರೆ ಶಾಮಿಯಾನದವರದು, ತೊಳೆಯುವವರು ಅವರ ಆಳುಗಳು, ಮಾಡಿದ್ದು ಮಾಡಿದಂತೆ ಎಲೆಗೆ ಹೋಗುತ್ತದೆ, ಸಂಘದವರು ಬಡಿಸುವುದಷ್ಟೇ. ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ದಿನವೂ ಸಾವಿರಾರು ಜನ ಉಣ್ಣುವುದನ್ನು ಉದಾಹರಣೆಯಾಗಿ ಒಬ್ಬರು ಎತ್ತಿದರು. ಅಲ್ಲಿ ಒಂದೇ ಅಡುಗೆಮನೆ ಒಂದೇ ಆಡಳಿತದ ಕೈಯಲ್ಲಿದೆ. ಇಲ್ಲಿ ಒಂದೇ ಒಲೆಯ ಮುಂದೆ ನಾಲ್ಕು ಬಗೆಯ ಜನ ಸರದಿ ನಿಲ್ಲುತ್ತಾರೆ. ಆ ಹೋಲಿಕೆ ನಮಗೆ ಉಪಯೋಗಕ್ಕೆ ಬರಲಿಲ್ಲ.

ಮೇ ತಿಂಗಳಲ್ಲಿ ಮೂರು ಸಭೆಗಳಾದವು. ಮೊದಲನೆಯದರಲ್ಲಿ ಮಕ್ಕಳ ತಾಯಂದಿರು ಮಾತಾಡಿದರು, ಸಂಘದವರು ಕೇಳಿದರು, ಅಷ್ಟೇ. ಎರಡನೆಯದರಲ್ಲಿ ನಾನು ಬಾಡಿಗೆ ರಿಜಿಸ್ಟರಿನ ಐದು ಸಾಲುಗಳನ್ನು ಓದಿದೆ. ಕೊನೆಯ ಬೀದಿಯಿಂದ ಬಂದಿದ್ದ ಗಾರೆ ಮೇಸ್ತ್ರಿಯೊಬ್ಬರು, ಐದರಲ್ಲಿ ಒಂದು ನಾಮಕರಣ ಅವರ ಮೊಮ್ಮಗಳದು, ಎದ್ದು “ನಮಗೆ ಗೊತ್ತಿತ್ತು ಬಿಡಿ” ಎಂದು ಕೂತರು. ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಣ್ಣ ಬಳಿದಿದ್ದ ಪೇಂಟರ್ ಸದಸ್ಯ ಮರುದಿನವೇ ಥಿನ್ನರ್ ಮತ್ತು ಉಜ್ಜುಕಾಗದ ತಂದು ಆರು ಡಬರಿಗಳ ಪಟ್ಟಿಗಳನ್ನೂ ತೆಗೆದ. ಅದಕ್ಕೆ ಯಾರ ಠರಾವೂ ಇರಲಿಲ್ಲ. ಅಲ್ಯೂಮಿನಿಯಂ ಮೇಲೆ ಈಗಲೂ ಎರಡು ಬೆರಳಗಲದ ಹೊಳಪು ಸುತ್ತಿಕೊಂಡಿದೆ, ನೋಡಿದವರಿಗೆ ಕಾಣುತ್ತದೆ.

ಮೂರನೆಯ ಸಭೆಯ ತೀರ್ಮಾನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ನೋಡಲು ಅತಿ ಚಿಕ್ಕದು: ಬೀಗದ ಕೈ ಅಂಗಡಿಯ ಮೊಳೆಗೆ ಹೋಗಕೂಡದು, ಕೈಯಿಂದ ಕೈಗೇ ಹೋಗಬೇಕು. ಹೊರಡುವವರು ಮತ್ತು ಬರುವವರು ಅಡುಗೆಮನೆಯಲ್ಲಿ ಮುಖಾಮುಖಿ ನಿಂತು, ಪಾತ್ರೆ, ಕಟ್ಟೆ, ಚರಂಡಿ ನೋಡಿ, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಬರುವವರಿಗೆ ಸಮಾಧಾನವಾಗದಿದ್ದರೆ ಕೈ ತೆಗೆದುಕೊಳ್ಳದೆ ನಿಲ್ಲುವ ಹಕ್ಕಿದೆ. ಆಗ ಅಡುಗೆಮನೆ ಇನ್ನೂ ಹಿಂದಿನವರ ಜವಾಬ್ದಾರಿಯಲ್ಲೇ ಇರುತ್ತದೆ. ದಂಡವಿಲ್ಲ. ಆದರೆ ತೊಳೆಯದ ಡಬರಿಯ ಮುಂದೆ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು, ಏನೂ ಅನ್ನದೆ, ಕಾಯುತ್ತ ನಿಂತಿದ್ದರೆ ಅದನ್ನು ನೆನೆಯಲು ಬಿಟ್ಟು ಹೋಗುವ ಧೈರ್ಯ ಯಾವ ಕಬಡ್ಡಿ ಆಟಗಾರನಿಗೂ ಬರಲಿಲ್ಲ. ಜೂನಿನ ಮೊದಲ ಭಾನುವಾರ ತೊಳೆಯುವ ಕಟ್ಟೆಗೆ ಇಳಿದವರು ಅಧ್ಯಕ್ಷರು. ಅವರಿಗೆ ಬೂದಿಯಲ್ಲಿ ತಿಕ್ಕುವುದೋ ಸೋಪಿನಪುಡಿಯಲ್ಲೋ ಎಂಬುದೂ ತಿಳಿಯದೆ ಎಗ್‌ರೈಸ್ ಹುಡುಗನೇ ತೆಂಗಿನ ನಾರು ಕೊಟ್ಟು ತೋರಿಸಿದ.

ಗ್ಯಾಸಿಗೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಿಸಿದರು. ಆಗ ಅದರ ಬೆಲೆ 2,000 ರೂಪಾಯಿ ದಾಟಿತ್ತು, ಗೃಹಬಳಕೆಯದು 1,000ದ ಆಸುಪಾಸಿನಲ್ಲಿತ್ತು. ಆದ್ದರಿಂದ ಯಾರೆಷ್ಟು ಉರಿಸಿದರು ಎಂಬ ಪ್ರಶ್ನೆ ಮೊದಲಿಗಿಂತ ಬಿಗಿಯಾಯಿತು. ಉಪಾಯ ಹೇಳಿದ್ದು ಸ್ವಸಹಾಯ ಗುಂಪಿನ ಒಬ್ಬರು, ಹಳೇ ಪೇಪರ್ ಅಂಗಡಿಯಲ್ಲಿ ಕೆಲಸ ಮಾಡುವವರು. ತೂಕದ ಯಂತ್ರವೊಂದನ್ನು ಕೊಂಡು ಸಿಲಿಂಡರನ್ನು ಅದರ ಮೇಲೇ ನಿಲ್ಲಿಸಿದರು. ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತದೆ. ಕೈ ಬದಲಾಗುವಾಗ ತೂಕ ಬರೆದುಕೊಂಡರೆ ನಡುವಿನ ವ್ಯತ್ಯಾಸವೇ ಲೆಕ್ಕ. ಮೊದಲ ತಿಂಗಳೇ ಹಳೆಯ ಗುಮಾನಿ ಕರಗಿತು. ಎಗ್‌ರೈಸ್‌ನವನು ದಿನಕ್ಕೆ ಉರಿಸುತ್ತಿದ್ದುದು ಅರ್ಧ ಕೆಜಿಗೂ ಕಡಿಮೆ. ಸಂಘದ ಭಾನುವಾರದ ಊಟಕ್ಕೆ ಒಂದೂವರೆ ಕೆಜಿ. ಹೆಚ್ಚು ತಿನ್ನುತ್ತಿದ್ದುದು ಒಬ್ಬಟ್ಟು ಮತ್ತು ಬಾಡಿಗೆಗೆ ಬರುವ ಮನೆಗಳ ಊಟ. ಬೇಳೆ ಬೇಯುವುದು, ಹೂರಣ ಕಾಯುವುದು, ಬಿಸಿನೀರಿಗೆಂದು ದಿನವಿಡೀ ಉರಿಯುವ ಎರಡನೆಯ ಒಲೆ. ಗುಂಪಿನ ಹೆಂಗಸರು ತಮ್ಮ ಪಾಲು ನೋಡಿ ನಕ್ಕರು, ಕೊಟ್ಟರು.

ಅನ್ನದ ವಿಷಯದಲ್ಲಿ ಮೂರು ಮಾತು ಗೋಡೆಗೆ ಬರೆದರು. ರಾತ್ರಿಯ ಅನ್ನ ಮಕ್ಕಳಿಗಿಲ್ಲ. ಬೇಯಿಸಿದ ಎರಡು ಗಂಟೆಯೊಳಗೆ ಬಡಿಸಬೇಕು, ಅಲ್ಲಿಯವರೆಗೆ ಬಿಸಿಯಾಗಿಯೇ ಇಡಬೇಕು. ಅಲ್ಲಿರುವವರಲ್ಲಿ ಯಾರಿಗೇ ಅನುಮಾನ ಬಂದರೂ, ಎಷ್ಟೇ ಚಿಕ್ಕವರಾದರೂ, ಚೆಲ್ಲಬಹುದು. ಕಾರಣ ಕೇಳುವಂತಿಲ್ಲ, ನಷ್ಟ ಅಡುಗೆಮನೆಯ ನಿಧಿಯದು. ಮೂರನೆಯದಕ್ಕೆ ವಿರೋಧವಿತ್ತು, ಹುಡುಗಾಟಕ್ಕೆ ಚೆಲ್ಲಿಯಾರು ಎಂದು. ಎರಡು ವರ್ಷದಲ್ಲಿ ಆ ಹಕ್ಕು ಬಳಕೆಯಾದದ್ದು ಮೂರು ಸಲ. ಮೊದಲ ಸಲ ಒಂದು ಡಬರಿ ಸಾಂಬಾರ್ ಚೆಲ್ಲಿದವಳು ಸ್ವಸಹಾಯ ಗುಂಪಿನವರೊಬ್ಬರ ಮಗಳು, ಪಿಯುಸಿ ಓದುವ ಹುಡುಗಿ. ಅವತ್ತು ಮಕ್ಕಳು ಅನ್ನ ಮಜ್ಜಿಗೆ ಉಪ್ಪಿನಕಾಯಿ ಉಂಡರು. ಸಾಂಬಾರ್ ನಿಜಕ್ಕೂ ಕೆಟ್ಟಿತ್ತೇ ಎಂದು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸದೆ ಬಿಟ್ಟದ್ದೇ ಸರಿ ಎಂದು ನನ್ನ ಅಭಿಪ್ರಾಯ. ಒಂದು ಸಲ “ಚೆನ್ನಾಗೇ ಇತ್ತಲ್ಲ” ಎಂಬ ಮಾತು ಹೊರಬಿದ್ದಿದ್ದರೆ ಎರಡನೆಯ ಸಲ ಯಾರೂ ಕೈ ಹಾಕುತ್ತಿರಲಿಲ್ಲ.

ಪಾತ್ರೆಗಳಿಗೆ ಬಣ್ಣದ ಬದಲು ಒಂದರಿಂದ ಆರರವರೆಗೆ ಸಂಖ್ಯೆ ಕೆತ್ತಿಸಿ, ಬಂದವರಿಗೆ ಸರದಿಯ ಸಂಖ್ಯೆಯನ್ನೇ ಕೊಡುವುದು, ಆರಿಸಿಕೊಳ್ಳುವಂತಿಲ್ಲ ಎಂದಾಯಿತು. ಮೊಟ್ಟೆ ಮಾಂಸಕ್ಕೆ ಸಂಘದ ಡಬರಿಯನ್ನೇ ಕೊಡುವುದಿಲ್ಲ, ಬೇಕಾದವರು ಶಾಮಿಯಾನ ಅಂಗಡಿಯಿಂದ ತರಬೇಕು. ಎಗ್‌ರೈಸ್‌ನವನು ತನ್ನ ಬಾಣಲಿ ತಾನೇ ತಂದುಕೊಂಡ. ಇದು ಪೂರ್ತಿ ನ್ಯಾಯವೆಂದು ನಾನು ಹೇಳಲಾರೆ. ಮಾಂಸ ಬೇಯಿಸುವವರ ಖರ್ಚು ಹೆಚ್ಚಿತು, ಬೇಯಿಸದವರ ಮನಸ್ಸು ಉಳಿಯಿತು. ಆದರೆ ಈ ನಿಯಮ ಬೀದಿ ನೋಡುವುದಿಲ್ಲ; ಮುಂದಿನ ಬೀದಿಯ ಮಟನ್ ಊಟಕ್ಕೂ ಅದೇ ಅನ್ವಯ. ಸರದಿಯ ಸಂಖ್ಯೆಯ ನಿಯಮದಿಂದ ಮೂರು ತಿಥಿಗಳ ಬಾಡಿಗೆ ಕೈತಪ್ಪಿತು. ಕೊನೆಯ ಬೀದಿಯವರಿಗೆ ಕೊಟ್ಟ ಡಬರಿ ಬೇಡವೆಂದು ಆ ತಿಥಿಗಳ ಮನೆಯವರು ಬಾಯಿಬಿಟ್ಟು ಹೇಳಲಿಲ್ಲ, ಬರಲಿಲ್ಲ ಅಷ್ಟೇ. ಸಮಿತಿ 1,500 ರೂಪಾಯಿಯನ್ನು ಲೆಕ್ಕದಲ್ಲಿ ಬಿಟ್ಟುಕೊಟ್ಟಿತು.

ಸಮಿತಿ ಎಂದೆ: ಐದು ಜನರದು, ಅದರಲ್ಲಿ ಸ್ವಸಹಾಯ ಗುಂಪಿನ ಇಬ್ಬರು, ಕೊನೆಯ ಬೀದಿಯ ಮೇಸ್ತ್ರಿ, ಸಂಘದ ಇಬ್ಬರು. ಹೆಂಗಸರು ಸಂಘದ ಸದಸ್ಯರೇ ಅಲ್ಲದಿದ್ದರೆ ಸಮಿತಿಯಲ್ಲಿ ಅವರ ಮಾತಿಗೆ ಬಲವಿರುವುದಿಲ್ಲವೆಂದು ಆಗಸ್ಟ್‌ನಲ್ಲಿ ವಿಶೇಷ ಸರ್ವಸದಸ್ಯರ ಸಭೆ ಕರೆದು ಬೈಲಾ ತಿದ್ದಿದರು. ಮತ ಎಣಿಸಬೇಕಾಯಿತು, ನಾಲ್ವರು ಸದಸ್ಯತ್ವ ಬಿಟ್ಟರು. ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿದರು. ವಾರ್ಷಿಕ ವಹಿವಾಟು 12 ಲಕ್ಷದೊಳಗಿನ ಸಣ್ಣ ಘಟಕಗಳಿಗೆ ಆಗ ಅದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಎರಡು ವರ್ಷ ಇದನ್ನು ಮಾಡಿಸದೆ ಇದ್ದದ್ದಕ್ಕೆ ದುಡ್ಡಿನ ನೆಪ ಹೇಳುವಂತಿರಲಿಲ್ಲ.

ಆದದ್ದು

2024ರ ಮಾರ್ಚ್‌ವರೆಗಿನ ಪುಸ್ತಕಗಳನ್ನು ನಾನು ನೋಡಿದ್ದೇನೆ. ಅಡುಗೆಮನೆ ನಡೆಯುತ್ತಿದೆ, ಸಾಲವಿಲ್ಲ. ಯಾರಿಗೂ ಹೊಟ್ಟೆ ಕೆಟ್ಟ ಸುದ್ದಿ ಮತ್ತೆ ಬಂದಿಲ್ಲ. ಸ್ವಸಹಾಯ ಗುಂಪಿನ ಒಬ್ಬಟ್ಟಿಗೆ ಆರ್ಡರ್ ಹೆಚ್ಚಿದೆ, ವರಮಾನದ ಅರ್ಧಕ್ಕಿಂತ ಜಾಸ್ತಿ ಅವರಿಂದಲೇ ಬರುತ್ತದೆ. ಎಗ್‌ರೈಸ್‌ನವನು ಎಂಟು ತಿಂಗಳ ನಂತರ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಹಿಡಿದ.

ಇಳಿದದ್ದೂ ಇದೆ. ಬಡಿಸಲು ಬರುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಹುಡುಗರಲ್ಲಿ, ತೊಳೆಯುವುದೂ ಸೇರಿದ ಮೇಲೆ ಉಳಿದವರು ಒಂಬತ್ತು. ಮಕ್ಕಳ ಊಟ ಪ್ರತಿ ಭಾನುವಾರದಿಂದ ಎರಡು ವಾರಕ್ಕೊಮ್ಮೆಗೆ ಇಳಿಯಿತು. ಸಂಘದ ವಾರ್ಷಿಕ ವರದಿಯಲ್ಲಿ ಇದನ್ನು “ಪುನರ್ರಚನೆ” ಎಂದು ಬರೆದಿದ್ದರು, ನಾನು ಹೊಡೆದುಹಾಕಿ “ಕಡಿಮೆಯಾಗಿದೆ” ಎಂದು ಬರೆಸಿದೆ. ಇಂಥ ಅಡುಗೆಮನೆ ಶುರುಮಾಡಬೇಕೆಂದು ಕೇಳಿಕೊಂಡು ಬರುವ ಬೇರೆ ಸಂಘಗಳಿಗೆ ನಾನು ಮೊದಲು ತೋರಿಸುವುದು ಈ ಒಂಬತ್ತನ್ನೇ. ಎಷ್ಟು ಜನ ಬಡಿಸುತ್ತಾರೆ ಎಂದು ಎಣಿಸಿ ಊಟದ ಸಂಖ್ಯೆ ನಿರ್ಧರಿಸಿದರೆ ಲೆಕ್ಕ ತಪ್ಪುತ್ತದೆ. ಕೊನೆಯ ಡಬರಿ ಬೋರಲಾಗುವವರೆಗೆ ಎಷ್ಟು ಜನ ಉಳಿಯುತ್ತಾರೆ ಎಂದು ಎಣಿಸಬೇಕು. ಎರಡನೆಯದಾಗಿ, ಕೈ ಬದಲಾಗುವ ಆ ಅರ್ಧ ಗಂಟೆಯನ್ನು ವೇಳಾಪಟ್ಟಿಯಲ್ಲೇ ಸೇರಿಸಿ ಎನ್ನುತ್ತೇನೆ. ಗ್ಯಾಸಿನ ಜಗಳ, ಮುಸುರೆ, ರಾತ್ರಿಯ ಅನ್ನ, ಕೊನೆಗೆ ಆ ಕೆಂಪು ಪಟ್ಟಿ ಕೂಡ, ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಯಾರೂ ಇಲ್ಲದ ಹೊತ್ತಿನಲ್ಲೇ ಬೆಳೆದವು. ಮತ್ತು ರಿಜಿಸ್ಟರಿನಲ್ಲಿ “ಕೊಟ್ಟ ಪಾತ್ರೆ” ಎಂಬ ಅಂಕಣ ಇಡಿ ಎಂದು ಒತ್ತಿ ಹೇಳುತ್ತೇನೆ. ಆ ಅಂಕಣ ಇಲ್ಲದಿದ್ದರೆ ನಮಗೆ ಆ ಐದು ಸಾಲು ಕಾಣುತ್ತಲೇ ಇರಲಿಲ್ಲ, ಗೊತ್ತಿದ್ದವರು ಹೇಳುತ್ತಲೂ ಇರಲಿಲ್ಲ.

ಇತ್ಯರ್ಥವಾಗದ್ದು ಒಂದಿದೆ. ನಾಲ್ಕನೆಯ ಸಂಖ್ಯೆಯ ಡಬರಿಯ ತಳ ಸವೆದು ಸೂಜಿಮೊನೆಯಷ್ಟು ತೂತಾಗಿದೆ. ಹೊಸದು ಕೊಳ್ಳಲು ಸ್ವಸಹಾಯ ಗುಂಪು ಅರ್ಧ ದುಡ್ಡು ಕೊಡಲು ಸಿದ್ಧವಿದೆ, ಆದರೆ ಕೊಟ್ಟರೆ ಆ ಡಬರಿಯಲ್ಲಿ ತಮಗೂ ಪಾಲಿದೆಯೇ, ಇದ್ದರೆ ಇನ್ನು ಮುಂದೆ ತಾವು ಬಾಡಿಗೆ ಏಕೆ ಕೊಡಬೇಕು ಎಂದು ಕೇಳಿದ್ದಾರೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದೇ ಮೊದಲ ವಿಷಯ. ಸದ್ಯಕ್ಕೆ ತೂತಿಗೆ ಬೆಸುಗೆ ಹಾಕಿಸಿ, ಅದರಲ್ಲಿ ನೀರು ಕಾಯಿಸುತ್ತಿದ್ದಾರೆ.